ವಾಡಿ ತಂಡದ ಹುಡುಗಿ, ಮೈಕ್ ಹಿಡಿದ ಮಾಸ್ತರ

"ಆ ಮೈಕ್ ಕೆಳಗಿಡ್ರಿ ಮೊದಲ!"

ಶಹಾಬಾದಿನ ಮೈದಾನದಲ್ಲಿ ಆಟ ಮುಗಿದು ಐದು ನಿಮಿಷವೂ ಆಗಿರಲಿಲ್ಲ. ಕಾಮೆಂಟ್ರಿ ಟೇಬಲ್ಲಿನ ಮುಂದೆ ಬಂದು ನಿಂತ ಹುಡುಗಿಯನ್ನು ಬೀರೇಶ ತಲೆಯೆತ್ತಿ ನೋಡಿದ.

ಬಿಸಿಲಿಗೆ ಕೆಂಪಾದ ಮುಖ. ಕೂದಲ ತುಂಬ ಮೈದಾನದ ಧೂಳು. ಕಣ್ಣಲ್ಲಿ ಇದ್ದದ್ದು ಬರೀ ಸಿಟ್ಟಲ್ಲ... ಊಟದ ತಟ್ಟೆಯಲ್ಲಿ ಜಿರಳೆ ಕಂಡವರು ನೋಡುವ ಹಾಗೆ ಅವಳು ಅವನನ್ನು ನೋಡುತ್ತಿದ್ದಳು!

"ಏನಾಯ್ತ್ರಿ ಮೇಡಂ?"

"ಏನಾಯ್ತಾ? 'ಸಿನಿಮಾಕ್ಕ ಕಳಸ್ರಿ ಇವನ್ನ' ಅಂದ್ರಲ್ಲ ಮೈಕಿನ್ಯಾಗ, ಶಹಾಬುದ್ದೀನ ಬಿದ್ದಾಗ? ಮೂರು ಸಾವಿರ ಮಂದಿ ನಕ್ಕರು. ನಗ್ಸಿ ಹೊಟ್ಟಿ ತುಂಬ್ತೇನ್ರಿ?"

ಬೀರೇಶನಿಗೆ ಅರ್ಥವಾಯಿತು. ಎಪ್ಪತ್ತನೇ ನಿಮಿಷ. ವಾಡಿ ತಂಡದ ಫಾರ್ವರ್ಡ್ ಶಹಾಬುದ್ದೀನ ಚೆಂಡು ಹಿಡಿದು ಶಹಾಬಾದಿನ ಗೋಲಿನ ಹತ್ತಿರ ನುಗ್ಗಿದ್ದ. ಡಿಫೆಂಡರ್ ಅಡ್ಡ ಬಂದ. ಹುಡುಗ ಬಿದ್ದು ಹೊರಳಾಡಿದ. ಬೇಕಂತಲೇ ಬಿದ್ದನೆಂದು ರೆಫರಿ ಎರಡನೇ ಹಳದಿ ಕಾರ್ಡ್ ತೋರಿಸಿ ಹೊರಗೆ ಕಳಿಸಿದ್ದರು. ಮುಂದಿನ ಎರಡು ಆಟಕ್ಕೂ ಅವನು ಹೊರಗೇ. ಹತ್ತು ಜನರಾದ ವಾಡಿ ಒಂದು ಗೋಲಿನಿಂದ ಸೋತಿತ್ತು.

"ನಾ ನೋಡಿದ್ದನ್ನ ಹೇಳೀನ್ರಿ."

"ನೀವು ಕುಂತಿದ್ದು ಇಲ್ಲಿ, ಅಂವಾ ಬಿದ್ದಿದ್ದು ಅಲ್ಲಿ. ನಾ ಗೋಲಿನ ಹಿಂದೇ ನಿಂತಿದ್ದೆ. ಬೂಟಿನ ಸ್ಟಡ್ ಬಡದು ಸಾಕ್ಸ್ ಹರದು ರಕ್ತ ಬಂದದ. ನಾ ಲ್ಯಾಬಿನ್ಯಾಗ ಕೆಲಸ ಮಾಡಾಕಿ. ರಕ್ತ ಯಾವುದು, ಕೆಂಪ ಮುರುಮಿನ ಮಣ್ಣು ಯಾವುದು ನನಗ ಗೊತ್ತಾಗ್ತದ!"

"ನನಗ ಅದು ಕಾಣಲಿಲ್ರಿ..."

"ಕಾಣದಿದ್ರ ಬಾಯಿ ಮುಚ್ಕೊಂಡಿರಬೇಕ್ರಿ. ಥೂ!"

ಅವಳು ತಿರುಗಿ ನಡೆದಳು. ಬೀರೇಶ ಮೈಕನ್ನು ಮೆಲ್ಲಗೆ ಟೇಬಲ್ಲಿನ ಮೇಲಿಟ್ಟ. ಯಾರೂ ಅವನಿಗೆ ಹೀಗೆ ಅಂದಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಚುಚ್ಚಿದ್ದು ಬೇರೆ... ಅವಳ ಮಾತು ಸರಿಯಿತ್ತು!

* * *

ಅವಳ ಹೆಸರು ದೇವಿಕಾ. ವಾಡಿಯ ರೈಲ್ವೆ ಕಾಲೊನಿಯಲ್ಲಿ ಹುಟ್ಟಿ ಬೆಳೆದವಳು. ಅಪ್ಪ ಚಂದ್ರಾಮಪ್ಪ ಹಳಿ ಕಾಯುವ ಕೆಲಸದವರು, ಹರೆಯದಲ್ಲಿ ಕಾಲೊನಿ ತಂಡದ ಗೋಲ್‌ಕೀಪರ್. ಮಗಳಿಗೆ ನಡೆಯಲು ಕಲಿಸುವಾಗಲೇ ಚೆಂಡು ತಡೆಯಲೂ ಕಲಿಸಿದ್ದರು. ಶಹಾಬುದ್ದೀನನ ತಂದೆ ಗುಲಾಮ ದಸ್ತಗೀರ ಅವರ ಜೊತೆಗೇ ದುಡಿಯುವವರು. ಎರಡೂ ಮನೆಗಳ ನಡುವೆ ಒಂದೇ ಗೋಡೆ.

ದೇವಿಕಾ ಚಿತ್ತಾಪುರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದಳು. ಭಾನುವಾರ ಬಂದರೆ ಫುಟ್‌ಬಾಲ್. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ... ಐದು ಊರಿನ ತಂಡಗಳ ಲೀಗ್ ಶುರುವಾಗಿ ಎರಡು ವರ್ಷವಾಗಿತ್ತು. ವಾಡಿ ಅಭಿಮಾನಿಗಳ ವಾಟ್ಸ್ಆ್ಯಪ್ ಗುಂಪಿಗೆ ಅವಳೇ ಅಡ್ಮಿನ್. ಎಂಟುನೂರು ಜನ, ಅದರಲ್ಲಿ ಹೆಣ್ಣುಮಕ್ಕಳು ಆರು!

ಅಂದು ಸಂಜೆಯೇ ಆ ವಿಡಿಯೋ ಬಂತು.

ಬೀರೇಶ ಕಾಮೆಂಟ್ರಿ ಹೇಳುತ್ತಿದ್ದ 'ಕಾಗಿಣಾ ಸ್ಪೋರ್ಟ್ಸ್' ಎಂಬ ಯೂಟ್ಯೂಬ್ ಚಾನೆಲ್ಲಿನ ಮಾಲೀಕ ರೇವಣಪ್ಪ ಹಾಕಿದ್ದು. ಹದಿನೆಂಟು ಸೆಕೆಂಡ್. ಡಿಫೆಂಡರ್ ಕಾಲು ಚಾಚಿದ್ದೇ ಅದರಲ್ಲಿಲ್ಲ. ಬಿದ್ದ ಶಹಾಬುದ್ದೀನ ಹೊರಳಾಡುವುದಷ್ಟೇ, ಅದೂ ನಿಧಾನಗತಿಯಲ್ಲಿ. ಹಿಂದೆ ಬೀರೇಶನ ದನಿ, 'ಸಿನಿಮಾಕ್ಕ ಕಳಸ್ರಿ ಇವನ್ನ!' ಮೇಲೆ ದಪ್ಪ ಅಕ್ಷರದಲ್ಲಿ: ವಾಡಿಯ ನಾಟಕಗಾರ.

ಬೆಳಗಾಗುವುದರೊಳಗೆ ನಲವತ್ತು ಸಾವಿರ ಜನ ನೋಡಿದ್ದರು. ಕೆಳಗಿನ ಕಾಮೆಂಟುಗಳನ್ನು ದೇವಿಕಾ ಓದುತ್ತಾ ಹೋದಳು. ಮೊದಲು ಆಟದ ಮಾತು. ಆಮೇಲೆ ಹುಡುಗನ ಹೆಸರು ಹಿಡಿದು, ಅವನ ಮನೆಮಂದಿಯನ್ನು ಹಿಡಿದು... ಮೂರನೇ ಸ್ಕ್ರೀನಿಗೆ ಅವಳು ಓದುವುದನ್ನು ನಿಲ್ಲಿಸಿದಳು. ಫೋನ್ ಮುಟ್ಟಿದ ಕೈಯನ್ನು ಹೋಗಿ ತೊಳೆದುಕೊಂಡಳು.

ಗೋಡೆಯಾಚೆ ಶಹಾಬುದ್ದೀನ ತಾಯಿಗೆ ಹೇಳುವುದು ಕೇಳಿಸಿತು. "ಅಮ್ಮಿ, ಸೊಲ್ಲಾಪುರದ ಟ್ರಯಲ್‌ಗೆ ನಾ ಹೋಗಂಗಿಲ್ಲ. ಅಲ್ಲೂ ಇದನ್ನ ನೋಡಿರ್ತಾರ. ನಗ್ತಾರ."

ಮುಂದಿನ ತಿಂಗಳ ಟ್ರಯಲ್. ಗೆದ್ದರೆ ರೈಲ್ವೆಯಲ್ಲಿ ಕ್ರೀಡಾ ಕೋಟಾದ ಕೆಲಸ ಸಿಗುವ ದಾರಿ. ಮೂರು ವರ್ಷದಿಂದ ಆ ಹುಡುಗ ಅದಕ್ಕಾಗಿಯೇ ಓಡುತ್ತಿದ್ದ!

'ಆ ದನಿ... ಆ ದನಿಯನ್ನು ನಾನು ಎಂದೂ ಕ್ಷಮಿಸೋದಿಲ್ಲ,' ಎಂದುಕೊಂಡಳು ದೇವಿಕಾ.

* * *

ಸೋಮವಾರ ಬೆಳಿಗ್ಗೆ ವಾಡಿಯಿಂದ ಸೇಡಂ ಕಡೆಗೆ ಹೋಗುವ ಪ್ಯಾಸೆಂಜರ್ ಹತ್ತಿದರೆ, ಎದುರಿನ ಸೀಟಿನಲ್ಲಿ ಅದೇ ದನಿಯ ಒಡೆಯ!

ಬೀರೇಶ ಸೇಡಂನ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಊರು ನಾಲವಾರ. ದಿನಾ ವಾಡಿಗೆ ಬಂದು ಗಾಡಿ ಬದಲಿಸುತ್ತಿದ್ದ. ಇಷ್ಟು ದಿನ ಒಂದೇ ಗಾಡಿಯಲ್ಲಿ ಹೋಗುತ್ತಿದ್ದರೂ ಇಬ್ಬರಿಗೂ ಗೊತ್ತಿರಲಿಲ್ಲ.

"ಒಂದ್ ಮಾತು ಹೇಳ್ಲೇನ್ರಿ?" ಅವನೇ ಕೇಳಿದ.

ಅವಳು ಕಿಟಕಿಯ ಕಡೆ ಮುಖ ಮಾಡಿದಳು.

"ನೀವು ಹೇಳಿದ ಮ್ಯಾಲ ಪೂರಾ ರೆಕಾರ್ಡಿಂಗ್ ನೋಡೀನಿ. ಇನ್ನೊಬ್ಬನ ಬೆನ್ನು ಅಡ್ಡ ಬಂದದ. ಕಾಲಿಗಿ ಬಡದದೋ ಇಲ್ಲೋ ಅದರಾಗ ಗೊತ್ತಾಗಂಗಿಲ್ಲ. ಗೊತ್ತಿಲ್ದೇ ನಾ ಹಂಗ ಅನ್ನಬಾರದಿತ್ತು. ತಪ್ಪಾಗ್ಯಾದ."

ಅವಳಿಗೆ ಆಶ್ಚರ್ಯವಾಯಿತು. ಆದರೂ ಬಿಡಲಿಲ್ಲ. "ನನಗ್ಯಾಕ ಹೇಳ್ತೀರಿ? ಆ ವಿಡಿಯೋ ತೆಗಸ್ರಿ."

"ರೇವಣಪ್ಪಗ ಹೇಳೀನ್ರಿ. ಮಂದಿ ನೋಡಾಕತ್ತಾರ, ತೆಗಿಯಂಗಿಲ್ಲ ಅಂದ."

"ಹಂಗಿದ್ರ ಆ ಚಾನೆಲ್ ಬಿಡ್ರಿ! ಹೊಲಸಿನ್ಯಾಗ ಕುಂತು ನಾ ಸ್ವಚ್ಛ ಅದೀನಿ ಅಂದ್ರ ಯಾರು ನಂಬ್ತಾರ್ರಿ?"

ಅವನು ಕೈಯಲ್ಲಿದ್ದ ಪೇಪರ್ ಮಡಚಿದ.

ಅಷ್ಟರಲ್ಲಿ ಪಕ್ಕದ ಸೀಟಿನ ಚಿತ್ತಾಪುರದ ಬಟ್ಟೆ ಅಂಗಡಿಯವರು ಬಾಯಿ ಹಾಕಿದರು. "ಏನೇ ಅನ್ರಿ ಮಾಸ್ತರ, ವಾಡಿ ಹುಡುಗ ಗೋಲೇ ಹೊಡ್ಯಾಂಗಿಲ್ಲ. ಫಾರ್ವರ್ಡ್ ಅಂದ್ರ ಗೋಲ್ ಹೊಡೀಬೇಕು, ಬೀಳೋದಲ್ಲ."

ಸೇಡಂ ಅಭಿಮಾನಿಯಾದ ಪೋಸ್ಟ್‌ಮನ್ ತಕರಾರು ತೆಗೆದರು. "ಚೆಂಡು ಕೊಟ್ರ ಹೊಡೀತಾನ. ವಾಡಿಯವ್ರು ಹಿಂದಿಂದ ಒದ್ದು ಆಕಾಶಕ್ಕ ಕಳಸ್ತಾರ. ಅಂವಾ ಏನ ಹದ್ದ ಏನ್ರಿ?"

ಬೋಗಿಯೆಲ್ಲ ನಕ್ಕಿತು. ಬೀರೇಶನೂ ನಕ್ಕು, ಕೈಯಲ್ಲಿದ್ದ ಪೇಪರಿನ ಅಂಚಿನಲ್ಲಿ ಪೆನ್ನಿನಿಂದ ಮೈದಾನ ಬರೆದ.

"ಅವರ ಕೋಚ್ ನಾಗೇಂದ್ರಪ್ಪನವರು ಶಹಾಬುದ್ದೀನನ್ನ ನಡುವ ಒಬ್ಬನ್ನೇ ನಿಲ್ಲಸ್ತಾರ. ಗೋಲಿಗಿ ಬೆನ್ನು ಮಾಡಿ ನಿಂತವಗ ಹಿಂದ ಇಬ್ಬರು ಡಿಫೆಂಡರ್. ಅಂವಾ ತಿರುಗೋದು ಹ್ಯಾಂಗ? ಎಡಕ್ಕ ಅಂಚಿನ್ಯಾಗ ಬಿಟ್ರ, ಓಡಿ ಒಳಗ ಬಂದು ಬಲಗಾಲಿಲೆ ಹೊಡೀತಾನ."

ದೇವಿಕಾ ಕಿಟಕಿಯಿಂದ ಇತ್ತ ತಿರುಗಿದಳು. ಇದೇ ಮಾತನ್ನು ಅವಳು ಅಪ್ಪನ ಮುಂದೆ ವರ್ಷದಿಂದ ಹೇಳುತ್ತಿದ್ದಳು! ಬಾಯಿ ತಡೆಯಲಿಲ್ಲ.

"ಬರೀ ಎಡಕ್ಕ ಬಿಟ್ರ ಸಾಲಂಗಿಲ್ಲ. ನಡುವ ಇನ್ನೊಬ್ಬ ಬೇಕು, ಡಿಫೆಂಡರ್‌ಗಳನ್ನ ಹಿಡದು ನಿಲ್ಸಾಕ. ಇಲ್ಲಂದ್ರ ಇಬ್ಬರೂ ಎಡಕ್ಕೇ ಬರ್ತಾರ."

ಬೀರೇಶ ಪೆನ್ನು ಅವಳ ಕಡೆ ಚಾಚಿದ. "ಎಲ್ಲಿ ನಿಲ್ಲಸ್ತೀರಿ, ತೋರಸ್ರಿ."

ಅವಳು ಪೆನ್ನು ತೆಗೆದುಕೊಳ್ಳಲಿಲ್ಲ. ಬೆರಳಿಟ್ಟು ತೋರಿಸಿದಳು. ಚಿತ್ತಾಪುರ ಬಂದದ್ದೇ ತಿಳಿಯಲಿಲ್ಲ.

'ಇವನಿಗೆ ಆಟ ಗೊತ್ತು... ಛೇ! ಗೊತ್ತಿದ್ದೂ ಮೈಕ್ ಸಿಕ್ಕರೆ ಹಾಗೆ ಮಾತಾಡಿದನಲ್ಲ!'

ಮಂಗಳವಾರ ಮತ್ತೆ ಜಗಳ. ಚಿಂಚೋಳಿಯವರು ಹನ್ನೊಂದು ಜನವೂ ಗೋಲಿನ ಮುಂದೆ ಗೋಡೆ ಕಟ್ಟಿ ನಿಲ್ಲುವುದು ಆಟವೋ ಹೇಡಿತನವೋ ಎಂದು. ಆಟವೇ ಎಂದ ಬೀರೇಶ. ನೋಡಿದರೆ ನಿದ್ದೆ ಬರುತ್ತದೆ ಎಂದಳು ದೇವಿಕಾ. ಬುಧವಾರ, ಕಲಬುರಗಿಯ ಪೇಪರುಗಳು ಶಹಾಬಾದಿನ ಗೆಲುವಿಗೆ ಅರ್ಧ ಪುಟ, ವಾಡಿಯ ಗೆಲುವಿಗೆ ನಾಲ್ಕು ಸಾಲು ಏಕೆ ಕೊಡುತ್ತವೆ ಎಂಬ ವಾದ. ಅಂದು ಮಾತ್ರ ಅವನು ಅವಳ ಮಾತನ್ನು ಪೂರ್ತಿ ಒಪ್ಪಿಕೊಂಡ. "ಗೆದ್ದವರ ಊರಾಗ ಪೇಪರ್ ಜಾಸ್ತಿ ಮಾರ್ತಾವ್ರಿ. ನಾವೂ ಹಂಗೇ ಆಗೀವಿ."

ಗುರುವಾರ ಗಾಡಿ ಬರುವ ಮೊದಲೇ ಅವಳ ಕಣ್ಣು ಪ್ಲಾಟ್‌ಫಾರ್ಮಿನಲ್ಲಿ ಅವನನ್ನು ಹುಡುಕಿತು. ತನ್ನ ಮೇಲೆಯೇ ಅವಳಿಗೆ ಸಿಟ್ಟು ಬಂತು! ಗೋಡೆಯಾಚೆಯ ಹುಡುಗನನ್ನು ಊರೂರಿನ ಜನ ಇನ್ನೂ ನೋಡಿ ನಗುತ್ತಿದ್ದಾರೆ. ಇಲ್ಲಿ ಇವಳು...

ಅಂದು ಬೀರೇಶ ಇಳಿಯುವ ಮೊದಲು ತಡೆದು ಹೇಳಿದ. "ಎರಡು ಮೂರು ದಿನ ತಡೀರಿ ದೇವಿಕಾ. ನಿಮಗ ಒಂದ್ ಸುದ್ದಿ ಹೇಳೋದದ. ಈಗ ಹೇಳಾಕ ಬರಂಗಿಲ್ಲ."

ಮೊದಲ ಸಲ ಅವನು ಅವಳ ಹೆಸರು ಹಿಡಿದು ಕರೆದಿದ್ದ. ಲ್ಯಾಬಿನಲ್ಲಿ ಅಂದು ಅವಳು ಒಂದೇ ಟ್ಯೂಬಿಗೆ ಎರಡು ಸಲ ಲೇಬಲ್ ಅಂಟಿಸಿದಳು!

* * *

ಶುಕ್ರವಾರ ಮಧ್ಯಾಹ್ನ ಗೆಳತಿ ರಾಧಿಕಾ ಒಂದು ಫೋಟೋ ಕಳಿಸಿದಳು. ರಾಧಿಕಾಳ ಮನೆ ಶಹಾಬಾದಿನಲ್ಲಿ, ಅಲ್ಲಿನ ತಂಡದ ಕೋಚ್ ಸಂಗಮೇಶ್ವರರ ಎದುರು ಮನೆ.

'ನಿಮ್ಮ ಟ್ರೇನಿನ ಮಾಸ್ತರ ಇಂವನೇ ಏನ? ಬುಧವಾರ ಸಂಜಿಕಿ ನಮ್ಮ ಕೋಚ್ ಮನ್ಯಾಗ ಊಟಕ್ಕ ಕುಂತಿದ್ದ ನೋಡು!'

ಫೋಟೋದಲ್ಲಿ ಬೀರೇಶ ಇದ್ದ. ಪಡಸಾಲೆಯಲ್ಲಿ ಸಂಗಮೇಶ್ವರರ ಪಕ್ಕ ಕೂತಿದ್ದ. ತಟ್ಟೆಯಲ್ಲಿ ಹೋಳಿಗೆ. ಇಬ್ಬರೂ ನಗುತ್ತಿದ್ದರು. ಅಂಚಿನಲ್ಲಿ ಯಾರದೋ ಬೆನ್ನು, ಅರ್ಧ ಮಾತ್ರ.

ದೇವಿಕಾ ಬೀರೇಶನ ಮುಖವನ್ನು ದೊಡ್ಡದು ಮಾಡಿ ನೋಡಿದಳು.

ಬುಧವಾರ! ಅಂದು ಬೆಳಿಗ್ಗೆಯೇ ಅಲ್ಲವೇ, 'ನಾವೂ ಹಂಗೇ ಆಗೀವಿ' ಎಂದು ಮರುಗಿದ್ದು? ಸಂಜೆಗೆ ಶಹಾಬಾದಿನ ಕೋಚಿನ ಮನೆಯಲ್ಲಿ ಹೋಳಿಗೆ! ನಾಲ್ಕು ದಿನ ಎದುರಿಗೆ ಕೂತು, ಪೆನ್ನಿನಿಂದ ಮೈದಾನ ಬರೆದು, ವಾಡಿಯ ಆಟದ ಗುಟ್ಟನ್ನೆಲ್ಲ ತನ್ನ ಬಾಯಿಂದಲೇ ಕೇಳಿಕೊಂಡು...

'ಥೂ! ನಾನೂ ಎಂಥ ಹುಚ್ಚಿ!'

ಅವನಿಗೊಂದು ಫೋನ್ ಮಾಡಿ ಕೇಳಬಹುದಿತ್ತು. ನಂಬರ್ ಇತ್ತು. ಮಾಡಲಿಲ್ಲ.

ಅಂಚಿನ ಬೆನ್ನು ಫೋಟೋವನ್ನು ಕೆಡಿಸುತ್ತಿತ್ತು. ಅದನ್ನು ಕತ್ತರಿಸಿದಳು. ಉಳಿದದ್ದನ್ನು ಗುಂಪಿಗೆ ಹಾಕಿ, ಕೆಳಗೆ ಬರೆದಳು: 'ಬುಧವಾರ ಶಹಾಬಾದ ಕೋಚ್ ಮನ್ಯಾಗ ಹೋಳಿಗಿ. ಭಾನುವಾರ ಮೈಕ್ ಹಿಡದು ನಮಗ ನ್ಯಾಯ. ಇಂಥವರನ್ನ ಏನಂತ ಕರೀಬೇಕು ನೀವೇ ಹೇಳ್ರಿ.'

ಜನ ಹೇಳಿದರು. ಅರ್ಧ ತಾಸಿನಲ್ಲಿ ಮುನ್ನೂರು ಉತ್ತರ! ನಾಯಿ, ದಲ್ಲಾಳಿ, ಇನ್ನೂ ಬರೆಯಲಾಗದ್ದು. ದೇವಿಕಾಗೆ ಮೊದಲು ಖುಷಿಯಾಯಿತು. ಆಮೇಲೆ ಏನೋ ಕಸಿವಿಸಿ. ಫೋನ್ ಮಗುಚಿಟ್ಟಳು.

ಶನಿವಾರ ಅವಳು ಬೇಕೆಂದೇ ಬಸ್ಸಿನಲ್ಲಿ ಹೋದಳು.

* * *

ಭಾನುವಾರ ಚಿತ್ತಾಪುರದಲ್ಲಿ ವಾಡಿಯ ಕೊನೆಯ ಲೀಗ್ ಆಟ. ಗೆದ್ದರೆ ಫೈನಲ್ಲು.

ಬೀರೇಶ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಟೇಬಲ್ಲಿನ ಮುಂದೆ ನಿಂತು ಮೈಕ್ ಎತ್ತಿದ. "ಎಲ್ಲರಿಗೂ ಶರಣು. ಆಟ ಶುರು ಆಗೂಕಿಂತ ಮೊದಲ ನಾ ಒಂದ್ ಮಾತು..."

"ಏ ಹೋಳಿಗಿ ಮಾಸ್ತರ!" ಯಾರೋ ಕೂಗಿದರು.

ಸೀಟಿ, ಕೂಗು. ವಾಡಿಯ ಅಭಿಮಾನಿಗಳು ಟೇಬಲ್ಲನ್ನು ಮುತ್ತಿದರು. ಅವನು ಮತ್ತೆ ಮೈಕ್ ಬಾಯಿಗೆ ತಂದ. ಕೇಳಿಸಿಕೊಳ್ಳುವವರು ಯಾರು? ಗುಂಪಿನಿಂದ ಒಬ್ಬ ಮುಂದೆ ಬಂದ. ಬಾಯಿ ತುಂಬ ಗುಟ್ಕಾ. ಅಷ್ಟನ್ನೂ ಬೀರೇಶನ ಎದೆಯ ಮೇಲೆ ಉಗುಳಿದ!

ಬಿಳಿ ಅಂಗಿಯ ಮೇಲೆ ಕೆಂಪು ಎಂಜಲು ಇಳಿಯತೊಡಗಿತು.

ಜನ ನಕ್ಕರು.

ಹತ್ತು ಹೆಜ್ಜೆ ದೂರದಲ್ಲಿ ದೇವಿಕಾ ನಿಂತಿದ್ದಳು. ವಾಕರಿಕೆ ಬಂತು. ಬಾಯಿಗೆ ಕೈ ಅಡ್ಡ ಹಿಡಿದಳು. ದಿನವಿಡೀ ರಕ್ತ, ಕಫ, ಮೂತ್ರ ನೋಡುವವಳು ಅವಳು. ಎಂದೂ ಹೀಗಾಗಿರಲಿಲ್ಲ.

ಬೀರೇಶ ಉಗುಳಿದವನನ್ನು ನೋಡಲಿಲ್ಲ. ಗುಂಪಿನ ನಡುವೆ ಕಣ್ಣಾಡಿಸಿ ಅವಳನ್ನು ಹುಡುಕಿದ. ಒಂದೇ ಒಂದು ಸಲ ನೋಡಿದ. ಆಮೇಲೆ ಮೈಕ್ ಕೆಳಗಿಟ್ಟು, ಅಂಗಿಯನ್ನೂ ಒರೆಸಿಕೊಳ್ಳದೆ ಮೈದಾನದಿಂದ ನಡೆದುಬಿಟ್ಟ.

ವಾಡಿ ಎರಡು ಗೋಲಿನಿಂದ ಗೆದ್ದಿತು. ದೇವಿಕಾಗೆ ಒಂದೂ ನೆನಪಿಲ್ಲ.

* * *

ಸಂಜೆ ಐದು ಗಂಟೆಗೆ ಗುಲಾಮ ದಸ್ತಗೀರ ಮನೆಗೆ ಬಂದರು. ಮುಖದಲ್ಲಿ ಬೆಳಕಿತ್ತು.

"ಚಂದ್ರಾಮಪ್ಪ! ಕಮಿಟಿಯಿಂದ ಚೀಟಿ ಬಂತು! ನನ್ನ ಮಗನ ಕಾರ್ಡ್ ರದ್ದಾಯ್ತು. ಫೈನಲ್ ಆಡ್ತಾನ. ಸೊಲ್ಲಾಪುರಕ್ಕೂ ಹೋಗ್ತೀನಿ ಅಂದಾನ!"

"ಹ್ಯಾಂಗ ಆಯ್ತು ಮಾರಾಯಾ?" ಚಂದ್ರಾಮಪ್ಪ ಎದ್ದು ನಿಂತರು.

"ಆ ಮಾಸ್ತರಂದು ಉಪಕಾರ. ಮಂಗಳವಾರ ಸಂಜಿಕಿ ನಮ್ಮ ಮನಿಗಿ ಬಂದು ನನ್ನ ಮಗನ ಕೈ ಹಿಡದು ಮಾಫಿ ಕೇಳಿದ. ಮರುದಿನ ನಮ್ಮಿಬ್ಬರನ್ನೂ ಶಹಾಬಾದಕ್ಕ ಕರಕೊಂಡು ಹೋದ. ಸಂಗಮೇಶ್ವರ ಸಾಹೇಬ್ರು ಮಾಸ್ತರಗ ಕಾಲೇಜಿನ್ಯಾಗ ಕಲಿಸಿದ ಗುರುಗಳಂತ. ಅವರ ಮನಿಗಿ ಆ ಡಿಫೆಂಡರ್ ಹುಡುಗನ್ನ ಕರಸಿ ಕೇಳಿದ್ರು. 'ಹೌದ್ರಿ, ನನ್ನ ಬೂಟು ಬಡೀತು' ಅಂತ ಅಂವಾ ಒಪ್ಪಿ ಬರದು ಕೊಟ್ಟ. ಕಮಿಟಿ ತೀರ್ಮಾನ ಆಗೂತನಕ ಯಾರಿಗೂ ಹೇಳಬ್ಯಾಡ್ರಿ, ಇಲ್ಲಂದ್ರ ಆ ಹುಡುಗಗ ಅವರ ಊರಿನವರೇ ಬಾಳಗೊಡಂಗಿಲ್ಲ ಅಂದಿದ್ರು. ಅದಕ್ಕ ಬಾಯಿ ಕಟ್ಟಿಕೊಂಡು ಕುಂತಿದ್ದೆ. ಇವತ್ತ ಮಾಸ್ತರ ಮೈಕಿನ್ಯಾಗ ಎಲ್ಲರ ಮುಂದ ತನ್ನ ತಪ್ಪು ಒಪ್ಪಿಕೊಂಡು ಆ ಚಾನೆಲ್ ಬಿಡಾಂವ ಇದ್ದ. ನಾ ಡ್ಯೂಟಿ ಮ್ಯಾಲ ಇದ್ದೆ. ಹೇಳಿದನಾ?"

ದೇವಿಕಾ ಫೋನ್ ತೆಗೆದು ರಾಧಿಕಾ ಕಳಿಸಿದ ಪೂರ್ತಿ ಫೋಟೋ ಮುಂದೆ ಹಿಡಿದಳು. "ಕಾಕಾ... ಈ ಬೆನ್ನು?"

ದಸ್ತಗೀರ ಕಣ್ಣು ಕಿರಿದು ಮಾಡಿ ನೋಡಿದರು. "ನಂದೇ ಅಲಾ ಬೇಟಿ! ನನ್ನ ಮಗ ಒಳಗ ಕೈ ತೊಳಿಯಾಕ ಹೋಗಿದ್ದ."

ಅವಳು ಅಲ್ಲಿಯೇ ನೆಲದ ಮೇಲೆ ಕೂತುಬಿಟ್ಟಳು.

ಹದಿನೆಂಟು ಸೆಕೆಂಡಿನ ವಿಡಿಯೋ ನೋಡಿ ಹೇಸಿ ಕೈ ತೊಳೆದುಕೊಂಡವಳು. ರೇವಣಪ್ಪ ಕತ್ತರಿಸಿದ, ತಾನೂ ಕತ್ತರಿಸಿದಳು! ಲೇಬಲ್ ಸ್ವಲ್ಪ ಅಳಿಸಿದ್ದರೂ ರಕ್ತದ ಟ್ಯೂಬನ್ನು ವಾಪಸ್ ಕಳಿಸುವವಳು, ಒಬ್ಬ ಮನುಷ್ಯನ ವಿಷಯದಲ್ಲಿ ಒಂದು ಮಾತೂ ಕೇಳಲಿಲ್ಲ. ಆ ಎಂಜಲು... ಯಾರ ಬಾಯಿಂದ ಬಂದರೇನು? ಉಗುಳಿಸಿದ್ದು ತಾನೇ!

ಅಸಹ್ಯ. ಈ ಸಲ ಅದು ತನ್ನ ಮೇಲೆಯೇ. ಎಷ್ಟು ತೊಳೆದರೂ ಹೋಗದ ಅಸಹ್ಯ.

ಅವ್ವ ಸಾಬಮ್ಮ ಬಂದು ತಲೆ ಮುಟ್ಟಿದರು. "ಅಳೋದ್ರಿಂದ ಏನೂ ಆಗಂಗಿಲ್ಲ. ಎಲ್ಲಿ ಬರದೀಯೋ ಅಲ್ಲೇ ಬರಿ."

ಅವಳು ಪೂರ್ತಿ ಫೋಟೋ ಹಾಕಿದಳು. 'ಈ ಫೋಟೋ ಕತ್ತರಿಸಿದಾಕಿ ನಾನೇ, ದೇವಿಕಾ ಚಂದ್ರಾಮಪ್ಪ. ಅಲ್ಲಿ ದಸ್ತಗೀರ ಕಾಕಾನೂ ಇದ್ರು. ಬೀರೇಶ ಮಾಸ್ತರ ಹೋಗಿದ್ದು ನಮ್ಮ ಹುಡುಗನ ಸಲುವಾಗಿ. ನಾ ಕೇಳದೇ ಸುಳ್ಳು ಹಬ್ಬಿಸೀನಿ. ತಪ್ಪು ನಂದು.'

ಗುಂಪು ಈಗ ಅವಳ ಮೇಲೆ ತಿರುಗಿತು. 'ಮಾಸ್ತರ ಎಷ್ಟು ಹೋಳಿಗಿ ಕೊಟ್ಟ?' 'ಹೆಂಗಸರಿಗಿ ಆಟ ಯಾಕ ಬೇಕು?' ಇನ್ನೂ ಹೊಲಸು ಮಾತುಗಳು. ಅವಳು ಎಲ್ಲವನ್ನೂ ಓದಿದಳು. ಒಂದನ್ನೂ ಅಳಿಸಲಿಲ್ಲ.

* * *

ಸೋಮವಾರ ಬೀರೇಶ ಗಾಡಿಯಲ್ಲಿ ಇರಲಿಲ್ಲ. ಮಂಗಳವಾರವೂ ಇಲ್ಲ. ಫೋನ್ ಎತ್ತಲಿಲ್ಲ.

ಬುಧವಾರ ರಜೆ ಹಾಕಿ ನಾಲವಾರಕ್ಕೆ ಹೋದಳು. ಕೇಳಿಕೊಂಡು ಮನೆ ಹುಡುಕಿದಳು. ಅಂಗಳದ ಕಲ್ಲಿನ ಮೇಲೆ ಅವನ ತಾಯಿ ಮಲ್ಲಮ್ಮ ಒಂದು ಬಿಳಿ ಅಂಗಿಯನ್ನು ತಿಕ್ಕುತ್ತಿದ್ದರು. ಎದೆಯ ಮೇಲೆ ಕಂದುಬಣ್ಣದ ಕಲೆ.

"ಬಾರವ್ವ. ಯಾರ ಬೇಕಾಗಿತ್ತು?"

"ಮಾಸ್ತರ ಅದಾರೇನ್ರಿ?"

"ಸೇಡಂಕ್ಕ ಹೋಗ್ಯಾನ. ಈಗ ಬಸ್ಸಿಗಿ ಹೋಗ್ತಾನ, ಟ್ರೇನ್ ಬ್ಯಾಡಂತ." ಮುದುಕಿ ಅಂಗಿಯನ್ನು ಎತ್ತಿ ತೋರಿಸಿದರು. "ನೋಡವ್ವ. ಮೂರು ದಿನ ಆಯ್ತು, ಹೋಗವಲ್ದು. ಯಾವಾಕಿನೋ ಹುಡುಗಿ ನನ್ನ ಮಗನ ಮ್ಯಾಲ ಏನೇನೋ ಬರದಾಳಂತ. ಅಂವಾ ಅಕಿ ಹೆಸರೂ ಹೇಳವಲ್ಲ. ಹೆತ್ತವರು ಏನ್ ಕಲಿಸಿದ್ರೋ ಅಕಿಗಿ..."

ದೇವಿಕಾ ಸುಮ್ಮನೆ ಹೋಗಿಬಿಡಬಹುದಿತ್ತು.

"ಅವ್ವಾ... ಅಕಿ ನಾನೇ."

ಮಲ್ಲಮ್ಮನ ಕೈ ನಿಂತಿತು.

"ಹೆತ್ತವರು ಚಲೋನೇ ಕಲಿಸ್ಯಾರವ್ವ. ತಪ್ಪು ನಂದು. ಅದನ್ನ ಹೇಳಾಕ ಬಂದೀನಿ. ಅಂಗಿ ಕೊಡ್ರಿ, ನಾ ತೊಳೀತೀನಿ."

"ಬ್ಯಾಡ," ಅಂದರು ಮುದುಕಿ, ಗಡಸಾಗಿ. ಅಂಗಿಯನ್ನು ಬಕೆಟ್ಟಿಗೆ ಹಾಕಿ ಎದ್ದರು. ಒಳಗೆ ಹೋದರು. ದೇವಿಕಾ ಬಾಗಿಲಲ್ಲೇ ನಿಂತಳು. ಹೊರಗೆ ಬಂದಾಗ ಅವರ ಕೈಯಲ್ಲಿ ನೀರಿನ ತಂಬಿಗೆ ಇತ್ತು.

"ಬಿಸಲಾಗ ಬಂದೀ. ನೀರು ಕುಡಿ. ಸಿಟ್ಟು ನನಗಿನ್ನೂ ಅದ. ಖರೇ ಹೇಳಾಕ ಇಷ್ಟು ದೂರ ಬಂದೀ, ಅದನ್ನೂ ಅವಗ ಹೇಳ್ತೀನಿ."

"ಭಾನುವಾರ ವಾಡ್ಯಾಗ ಫೈನಲ್ ಅದ್ರಿ. ಅವರನ್ನ ಬರಾಕ ಹೇಳ್ರಿ ಅವ್ವಾ. ಅವರು ಹೇಳಬೇಕಾಗಿದ್ದು ನನ್ನಿಂದ ನಿಂತದ. ಅದನ್ನ ನಾ ಹೇಳ್ತೀನಿ."

* * *

ಭಾನುವಾರ ವಾಡಿಯ ರೈಲ್ವೆ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಎದುರಾಳಿ ಶಹಾಬಾದಿನಿಂದ ಎರಡು ಗಾಡಿ ತುಂಬ ಜನ ಬಂದಿದ್ದರು.

ದೇವಿಕಾ ಕೋಚ್ ನಾಗೇಂದ್ರಪ್ಪನವರ ಹತ್ತಿರ ಹೋದಳು. "ಕಾಕಾ, ಎರಡು ನಿಮಿಷ ಕಮಿಟಿ ಮೈಕ್ ಕೊಡಸ್ರಿ."

"ಮಂದಿ ಕೂಗ್ತಾರ ಮಗಳ."

"ಕೂಗಲಿ."

ಅವಳು ಜನರಲ್ಲಿ ಬೀರೇಶನನ್ನು ಹುಡುಕಿದಳು. ಕಾಣಲಿಲ್ಲ. ಆದರೂ ಮೈಕ್ ಹಿಡಿದಳು.

"ನಾ ದೇವಿಕಾ. ಹೋದ ವಾರ ಒಬ್ಬ ಮನುಷ್ಯ ತನ್ನ ತಪ್ಪು ಒಪ್ಪಿಕೊಳ್ಳಾಕ ಮೈಕ್ ಹಿಡದಿದ್ದ. ನಾವು ವಾಡಿಯವರು ಅವನ ಮ್ಯಾಲ ಉಗುಳಿದಿವಿ. ನಾ ಬರದಿದ್ದಕ್ಕ ಉಗುಳಿದ್ರು..."

ಕೂಗು ಎದ್ದಿತು. "ಸಾಕು, ಕುಂದ್ರು!" "ಆಟ ಶುರು ಮಾಡ್ರಿ!"

"ಮಾಡ್ತಾರ. ಮೊದಲ ಕೇಳ್ರಿ! ಚಾನೆಲ್‌ನವರು ನಮ್ಮ ಹುಡುಗನ ವಿಡಿಯೋ ಕತ್ತರಿಸಿದ್ರು ಅಂತ ನಮಗ ಹೇಸಿಗಿ ಆಯ್ತು. ನಾ ಫೋಟೋ ಕತ್ತರಿಸಿದಾಗ ನಿಮಗ ಯಾರಿಗೂ ಹೇಸಿಗಿ ಆಗಲಿಲ್ಲ. ನನಗೂ ಆಗಲಿಲ್ಲ. ಬೀರೇಶ ಮಾಸ್ತರ ಶಹಾಬುದ್ದೀನನ ಕಾರ್ಡ್ ತೆಗಸ್ಯಾರ. ಶಹಾಬಾದಿನ ಹುಡುಗ ತಾನೇ ಮುಂದ ಬಂದು ಖರೇ ಹೇಳ್ಯಾನ. ಅವರಿಬ್ಬರ ಮುಂದ ನಾ ಸಣ್ಣಾಕಿ ಆಗೀನಿ. ಮಾಸ್ತರ ಎಲ್ಲಿದ್ರೂ... ನನ್ನ ತಪ್ಪಾಯ್ತ್ರಿ."

ಎಲ್ಲಿಯೋ ಒಂದು ಸೀಟಿ, ಅಣಕಿಸುವಂಥದ್ದು. ಚಪ್ಪಾಳೆ ಯಾರೂ ತಟ್ಟಲಿಲ್ಲ. ಮೈದಾನದಲ್ಲಿ ಮಾತ್ರ ಶಹಾಬುದ್ದೀನ ಆ ಡಿಫೆಂಡರ್ ಹುಡುಗನ ಹತ್ತಿರ ಹೋಗಿ ಕೈ ಕೊಟ್ಟ.

ಆಟ ಶುರುವಾಯಿತು. ನಾಗೇಂದ್ರಪ್ಪ ಮೊದಲ ಸಲ ಶಹಾಬುದ್ದೀನನನ್ನು ಎಡ ಅಂಚಿಗೆ ಬಿಟ್ಟಿದ್ದರು! ಐವತ್ತನೇ ನಿಮಿಷಕ್ಕೆ ಅವನು ಓಡಿ ಒಳಗೆ ಬಂದು ಬಲಗಾಲಿನಿಂದ ಹೊಡೆದದ್ದು ಬಲೆಯ ಮೂಲೆಗೆ ಹೋಯಿತು. ದೇವಿಕಾ ಕಿರುಚಿದಳು, ಅಪ್ಪನನ್ನು ತಬ್ಬಿಕೊಂಡಳು. ಆದರೆ ಶಹಾಬಾದ ಎರಡು ಗೋಲು ಹೊಡೆಯಿತು. ವಾಡಿ ಸೋತಿತು.

* * *

ಐದೂವರೆಗೆ ನಾಲವಾರ ಕಡೆಯ ಗಾಡಿ. ಪ್ಲಾಟ್‌ಫಾರ್ಮಿನ ಕೊನೆಯ ಬೆಂಚಿನಲ್ಲಿ ಬೀರೇಶ ಒಬ್ಬನೇ ಕೂತಿದ್ದ. ದೇವಿಕಾ ಓಡುತ್ತ ಬಂದು ನಾಲ್ಕು ಹೆಜ್ಜೆ ದೂರದಲ್ಲಿ ನಿಂತಳು.

"ಬಂದಿದ್ರಾ?"

"ಬಂದಿದ್ದೆ. ಗೋಲಿನ ಹಿಂದ ನಿಂತಿದ್ದೆ. ಅಲ್ಲಿಂದ ಚಲೋ ಕಾಣಸ್ತದ."

ಅವಳಿಗೆ ನಗು ಬರಲಿಲ್ಲ. "ನನ್ನ ಮಾತು ಕೇಳಿದ್ರಾ?"

"ಕೇಳ್ದೆ. ದೇವಿಕಾ, ಅಂವಾ ಉಗುಳಿದ್ದು ನನಗ ಅಷ್ಟು ನೋವಾಗಲಿಲ್ಲ. ನಾನೂ ಮೈಕಿನ್ಯಾಗ ಒಬ್ಬ ಹುಡುಗನ ಮ್ಯಾಲ ಉಗುಳಿದ್ದೆ. ಆದ್ರ ನೀವು... ನಾಲ್ಕು ದಿನ ಎದುರಿಗಿ ಕುಂತಿದ್ರಿ. ಎಲ್ಲಾಕ್ಕೂ ವಾದ ಮಾಡಿದ್ರಿ. ಇದೊಂದು ಕೇಳಲಿಲ್ಲ. 'ಯಾಕ ಹೋಗಿದ್ರಿ' ಅಂತ ಒಂದ್ ಮಾತು ಕೇಳಲಿಲ್ಲ."

ಅವಳ ಕಣ್ಣು ತುಂಬಿ ಬಂತು. "ಅಂಜಿಕಿ ಆಗಿತ್ತು."

"ಯಾತಕ್ಕ?"

"ಕೇಳಿದ್ರ, ನೀವು ಹೌದು ಅಂದುಬಿಟ್ರ? 'ನಾ ಶಹಾಬಾದಿನವರ ಮನಿಷ್ಯಾನೇ' ಅಂದುಬಿಟ್ರ? ಅದನ್ನ ತಡಕೊಳ್ಳಾಕ ನನ್ನಿಂದ ಆಗ್ತಿರಲಿಲ್ಲ. ಅದಕ್ಕಿಂತ ನಾನೇ ಮೊದಲ ನಿಮ್ಮನ್ನ ಕೆಟ್ಟವರನ್ನ ಮಾಡಿಬಿಟ್ರ ನೋವು ಕಡಿಮಿ ಆಗ್ತದ ಅಂದ್ಕೊಂಡೆ." ದನಿ ಒಡೆಯಿತು. "ಗುರುವಾರ ನೀವು ನನ್ನ ಹೆಸರು ಹಿಡದು ಕರದ್ರಲ್ಲ... ಅವತ್ತೇ ನಾ ಸೋತಿದ್ದೆ, ಸರ."

ಬೀರೇಶ ತಿರುಗಿ ಅವಳನ್ನು ನೋಡಿದ. ಎಷ್ಟೋ ದಿನದ ಬಿಗಿ ಆ ಮುಖದಲ್ಲಿ ಮೆಲ್ಲಗೆ ಸಡಿಲವಾಯಿತು.

"ಸೋಮವಾರನೇ ನಾ ಸೋತಿದ್ದೆ," ಅಂದ. "ನೀವು ಪೇಪರಿನ ಮ್ಯಾಲ ಬೆರಳಿಟ್ಟು ತೋರಿಸಿದಾಗ."

ಗಾಡಿ ಬರುವ ಸದ್ದು ದೂರದಲ್ಲಿ ಕೇಳಿಸಿತು. ಅವಳು ಕಣ್ಣೊರೆಸಿಕೊಂಡಳು.

"ನನ್ನ ಮ್ಯಾಲ ಇನ್ನೂ ಸಿಟ್ಟು ಅದಾ?"

"ಅದ."

"ಎಷ್ಟು ದಿನ ಇರ್ತದ?"

"ಗೊತ್ತಿಲ್ಲ." ಅವನು ಬೆಂಚಿನಲ್ಲಿ ಸರಿದು ಜಾಗ ಮಾಡಿದ. "ಅದು ಹೋಗೂತನಕ ಇಲ್ಲಿ ಬಾಜೂಕ ಕುಂದ್ರಿ."

ಅವಳು ಕೂತಳು. ಗಾಡಿ ಬಂದು ನಿಂತಿತು. ಇಬ್ಬರೂ ಏಳಲಿಲ್ಲ.

"ಹೋದ ಮ್ಯಾಲ?" ಮೆಲ್ಲಗೆ ಕೇಳಿದಳು.

"ಹೋದ ಮ್ಯಾಲೂ ಕುಂದ್ರಿ."